ತಾಯಂದಿರು ಹಾಗೇ ಹೇಳುತ್ತಾರೆ

ಒಬ್ಬ ಮನುಷ್ಯನನ್ನು ಅವನ ಮೇಲಧಿಕಾರಿಯ ಎದುರು, ಹೆಂಡತಿಯ ಎದುರು, ನಾಲ್ಕು ಜನರ ಎದುರು ನಿಲ್ಲಿಸಿ ಮರ್ಯಾದೆ ತೆಗೆಯಬೇಕು ಎಂಬ ಒಂದೇ ಉದ್ದೇಶದಿಂದ ನಾನು ಆ ಬೇಸಿಗೆ ಕೆಲಸಕ್ಕೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ಹಾಗೆಲ್ಲ ಬರೆಯಲು ಬರುತ್ತದೆಯೇ? ‘ಸಮುದ್ರವೆಂದರೆ ಪ್ರೀತಿ, ಜನರಿಗೆ ಉಪಯೋಗವಾಗುವ ಆಸೆ’ ಎಂದು ಬರೆದೆ. ಈಜಿನ ಪರೀಕ್ಷೆಯಲ್ಲಿ ಹುಡುಗರನ್ನೂ ಹಿಂದೆ ಹಾಕಿ ಮೊದಲು ಬಂದೆ. ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಹಲ್ಲು ಕಿರಿದೆ. ಕೆಲಸ ಸಿಕ್ಕಿತು.

ಕೆಲಸ ಏನೆಂದರೆ, ಕಡಲ ರಕ್ಷಣಾ ಠಾಣೆಯಲ್ಲಿ ಎರಡು ತಿಂಗಳು ಸಹಾಯಕ್ಕಿರುವುದು. ಬೇಸಿಗೆ ಬಂತೆಂದರೆ ನೀರಿಗಿಳಿಯುವವರು ಹೆಚ್ಚು, ಮುಳುಗುವವರೂ ಹೆಚ್ಚು. ಖಾಯಂ ಸಿಬ್ಬಂದಿ ಸಾಲುವುದಿಲ್ಲ. ಅದಕ್ಕೆ ರಜೆಯಲ್ಲಿರುವ ಕಾಲೇಜು ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಎರಡು ವಾರ ತರಬೇತಿ ಕೊಟ್ಟು, ಕಿತ್ತಳೆ ಬಣ್ಣದ ರಬ್ಬರ್ ದೋಣಿಯಲ್ಲಿ ಕೂರಿಸುತ್ತಾರೆ. ಆ ವರ್ಷ ನಾವು ಮೂವರು. ಒಬ್ಬ ಆರಡಿ ಮೀರಿದವನು, ಬಾಗಿಲಿಗೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದ, ಉದ್ದಪ್ಪ ಎಂದು ಹೆಸರಿಟ್ಟೆವು. ಇನ್ನೊಬ್ಬಳು ವೈದ್ಯಕೀಯ ಓದುವವಳು, ಅವಳು ಮೊದಲ ದಿನದಿಂದಲೇ ಡಾಕ್ಟ್ರಮ್ಮ. ನನಗೆ ಅವರಿಬ್ಬರೂ ಸೇರಿ ಸಿಡುಕಿ ಎಂದಿಟ್ಟರು. ಸರಿಯಾಗಿಯೇ ಇಟ್ಟರು.

ನಾನು ಯಾರ ಮರ್ಯಾದೆ ತೆಗೆಯಲು ಹೋಗಿದ್ದೆನೋ ಆ ಮನುಷ್ಯ ಠಾಣೆಯ ಮುಖ್ಯಸ್ಥ. ಎಲ್ಲರೂ ಅವನನ್ನು ದೊಡ್ಡ ಸರ್ ಎನ್ನುತ್ತಿದ್ದರು. ನಾನೂ ಎದುರಿಗೆ ‘ಸರ್’ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ‘ಅವನು’. ಈಗಲೂ ಹಾಗೇ ಬರೆಯುತ್ತೇನೆ, ಬಹುವಚನ ನನ್ನ ಕೈಗೆ ಬರುವುದಿಲ್ಲ.

ಮೂರು ವರ್ಷದ ಹಿಂದೆ ನನ್ನ ಅಣ್ಣ ಅದೇ ಕೊಲ್ಲಿಯಲ್ಲಿ ಹೋದ. ಇಪ್ಪತ್ಮೂರು ವಯಸ್ಸು. ಸ್ನೇಹಿತನ ಚಿಕ್ಕ ಎಂಜಿನ್ ದೋಣಿ ತೆಗೆದುಕೊಂಡು ಬೆಳಿಗ್ಗೆ ಹತ್ತಕ್ಕೆ ಹೊರಟಿದ್ದ. ನಾನೂ ಹೋಗಬೇಕಿತ್ತು, ಜ್ವರವೆಂದು ಮಲಗಿದೆ. ದೋಣಿ ಹತ್ತುವ ಕಟ್ಟೆಯವರೆಗೆ ಅಮ್ಮ ಹೋಗಿದ್ದಳು. ಅವನು ಲೈಫ್ ಜಾಕೆಟ್ ಹಾಕಿಕೊಂಡು ಮೂರೂ ಪಟ್ಟಿ ಬಿಗಿದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಹನ್ನೊಂದು ನಲವತ್ತಕ್ಕೆ ಅವನು ಠಾಣೆಗೆ ಫೋನ್ ಮಾಡಿ, ಎಂಜಿನ್ ನಿಂತಿದೆ, ದೋಣಿಗೆ ನೀರು ನುಗ್ಗುತ್ತಿದೆ ಎಂದು ಹೇಳಿ, ಇರುವ ಜಾಗವನ್ನೂ ಹೇಳಿದ. ಅಷ್ಟಕ್ಕೆ ಫೋನ್ ಸತ್ತಿತು. ಹನ್ನೆರಡೂವರೆಗೆ ಠಾಣೆಯವರಿಗೆ ದೀಪಸ್ತಂಭದ ಹತ್ತಿರ ಖಾಲಿ ದೋಣಿ ಸಿಕ್ಕಿತು, ಅದರೊಳಗೊಂದು ಲೈಫ್ ಜಾಕೆಟ್. ಮೂರು ಗಂಟೆಯವರೆಗೆ ಅಲ್ಲೇ ಸುತ್ತಿ, ಮುಳುಗುಗಾರರನ್ನು ಇಳಿಸಿ, ಕೈ ತೊಳೆದುಕೊಂಡರು. ಅಣ್ಣನ ದೇಹ ಇವತ್ತಿನವರೆಗೂ ಸಿಕ್ಕಿಲ್ಲ.

ಆಮೇಲೆ ಮನೆಗೊಂದು ಕಾಗದ ಬಂತು. ‘ಮೃತರು ಜಾಕೆಟ್ ಧರಿಸದ ಕಾರಣ ಕೂಡಲೇ ಮುಳುಗಿರುವುದು ಖಚಿತ. ರಕ್ಷಣಾ ಕಾರ್ಯದಲ್ಲಿ ಲೋಪವಿಲ್ಲ.’ ದೋಣಿಯಲ್ಲಿ ಸಿಕ್ಕ ಜಾಕೆಟ್ ನನ್ನದು. ನಾನು ಬರುತ್ತೇನೆಂದು ಹಿಂದಿನ ದಿನವೇ ಅಣ್ಣ ಹಾಕಿಟ್ಟಿದ್ದ ಚಿಕ್ಕ ಅಳತೆಯ ಜಾಕೆಟ್. ಅದನ್ನು ನಾನು ಎರಡು ಸಲ ಬರೆದು ಕಳಿಸಿದೆ, ಉತ್ತರವಿಲ್ಲ. ಸಂಬಂಧಿಕರು ಬಂದು ಕೂತು, ಹುಡುಗ ಸ್ವಲ್ಪ ಜಾಗ್ರತೆಯಾಗಿ ಇರಬೇಕಿತ್ತು ಎಂದು ನಮಗೇ ಬುದ್ಧಿ ಹೇಳಿ ಹೋದರು. ಸತ್ತವನಿಗೆ ಬಾಯಿಲ್ಲವಲ್ಲ. ಆ ಕಾಗದಕ್ಕೆ ಸಹಿ ಹಾಕಿದ ಮುಖ್ಯಸ್ಥ ಒಂದು ದಿನ ಮನೆಗೆ ಬಂದು ಮುಖ ತೋರಿಸಲಿಲ್ಲ. ಆವತ್ತೇ ನಾನು ತೀರ್ಮಾನ ಮಾಡಿದೆ, ನಿನ್ನ ಮುಖವನ್ನು ನಾನೇ ಬಂದು ನೋಡುತ್ತೇನೆ ಎಂದು.

ನಾನು ಅಮ್ಮನ ಕಡೆಯ ಮನೆತನದ ಹೆಸರು ಬಳಸುತ್ತಿದ್ದುದರಿಂದ ಅವನಿಗೆ ಗುರುತು ಹತ್ತಲಿಲ್ಲ. ಅಮ್ಮನಿಗೆ ಯಾವ ಠಾಣೆ ಎಂದು ಗೊತ್ತಿತ್ತು. ಅಲ್ಲಿಗೇ ಹೋಗಬೇಕಾ ಎಂದು ಒಂದು ಸಲ ಕೇಳಿದಳು. ಬೇರೆಯವರ ಮಕ್ಕಳಾದರೂ ಉಳಿಯಲಿ ಎಂದು ನಾನು ದೊಡ್ಡ ಮಾತಾಡಿದೆ. ಅವಳು ಅದನ್ನು ನಂಬಿ ಬಟ್ಟೆ ಮಡಿಸಿಕೊಟ್ಟಳು.

ಠಾಣೆ ಎಂದರೆ ಎರಡು ಅಂತಸ್ತಿನ ಕಟ್ಟಡ. ಕೆಳಗೆ ದೋಣಿಮನೆ, ಪೆಟ್ರೋಲು, ಒದ್ದೆ ರಬ್ಬರು, ಒಣಗದ ಹಗ್ಗ ಎಲ್ಲ ಸೇರಿದ ವಾಸನೆ. ಮೇಲೆ ವೈರ್‌ಲೆಸ್ ಕೋಣೆ, ನಕ್ಷೆಯ ಮೇಜು, ಕೊಲ್ಲಿಯ ನಕ್ಷೆ ಬರೆದ ಗೋಡೆಯಷ್ಟಗಲದ ಕಪ್ಪು ಹಲಗೆ, ನಾವು ಮಲಗುವ ಮಂಚಗಳು. ದೋಣಿಮನೆಯ ಒಡತಿ ಎಂದರೆ ಮೆಕ್ಯಾನಿಕ್ ಅಕ್ಕ. ಐವತ್ತರ ಹೆಂಗಸು, ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುವವಳು. ಅಭ್ಯಾಸಕ್ಕೆ ನೀರಿಗೆ ಎಸೆಯುವ ಎಂಬತ್ತು ಕಿಲೋ ಬೊಂಬೆಯೊಂದು ಅವಳ ವಶದಲ್ಲಿತ್ತು. ಅದಕ್ಕೆ ನಾವು ಭಾವ ಎಂದು ಕರೆಯುತ್ತಿದ್ದೆವು. ಎತ್ತಬೇಕು, ಒರೆಸಬೇಕು, ನೆರಳಲ್ಲಿ ಮಲಗಿಸಬೇಕು, ತಾನಾಗಿ ಒಂದು ಕಡ್ಡಿ ಎತ್ತಿ ಆಚೆ ಇಡುವುದಿಲ್ಲ, ಇನ್ನೇನು ಹೆಸರಿಡುವುದು?

ಮೊದಲ ವಾರದಲ್ಲೇ ಅವನು, ಆ ದೊಡ್ಡ ಸರ್, ನಮಗೆ ತೇಲುವಿಕೆಯ ಪಾಠ ಮಾಡಿದ. ನಕ್ಷೆಯ ಮೇಜಿನ ಮೇಲೆ ಒಂದು ಖಾಲಿ ಬೆಂಕಿಪೊಟ್ಟಣ, ಒಂದು ನೆನೆದ ಬೆಂಡು ಇಟ್ಟು, ನೀರಿನ ತಟ್ಟೆಯಲ್ಲಿ ಬಿಟ್ಟು ಬಾಯಿಂದ ಊದಿ ತೋರಿಸಿದ. ಪೊಟ್ಟಣ ಸರ್ರನೆ ಹೋಯಿತು, ಬೆಂಡು ಕದಲಲಿಲ್ಲ. “ಖಾಲಿ ದೋಣಿ ಗಾಳಿಯ ಮಾತು ಕೇಳುತ್ತೆ, ಜಾಕೆಟ್ ಹಾಕಿದ ಮನುಷ್ಯ ನೀರಿನ ಮಾತು ಕೇಳ್ತಾನೆ. ಇಬ್ರೂ ಬೇರೆ ಬೇರೆ ಕಡೆ ಹೋಗ್ತಾರೆ. ದೋಣಿ ಸಿಕ್ಕ ಕಡೆ ಮನುಷ್ಯನ್ನ ಹುಡುಕ್ಬೇಡಿ,” ಎಂದ.

ಇಷ್ಟು ದಿನ ನಾನು ಅವನನ್ನು ಕೆಲಸ ಗೊತ್ತಿಲ್ಲದ ಬೇಜವಾಬ್ದಾರಿ ಎಂದುಕೊಂಡಿದ್ದೆ. ಇವನಿಗೆ ಗೊತ್ತಿತ್ತು. ಅರೆದು ಕುಡಿದವನ ಹಾಗೆ ಗೊತ್ತಿತ್ತು. ಗೊತ್ತಿದ್ದೂ ದೋಣಿ ಸಿಕ್ಕಿದ ಕಡೆಯೇ ಗಿರಕಿ ಹೊಡೆದಿದ್ದ. ನಾನು ನೋಟ್‌ಬುಕ್ಕಿನಲ್ಲಿ ಅವನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಅಕ್ಷರ ಎಷ್ಟು ಒತ್ತಿ ಬರೆದೆನೆಂದರೆ ಹಿಂದಿನ ಪುಟದಲ್ಲೂ ಮೂಡಿತು.

ಮೂರನೇ ವಾರ ನಿಜವಾದ ಕರೆ ಬಂತು. ಒಬ್ಬಾತ ಒಂಟಿ ಹುಟ್ಟುದೋಣಿಯಲ್ಲಿ ಹೋದವನು ವಾಪಸು ಬಂದಿಲ್ಲ, ದೋಣಿ ಮಾತ್ರ ದೀಪಸ್ತಂಭದ ಕಲ್ಲಿಗೆ ಬಂದು ಬಡಿಯುತ್ತಿದೆ ಎಂದು ಅಲ್ಲಿನ ಕಾವಲುಗಾರ ಹೇಳಿದ. ನಾವು ಹೊರಟೆವು. ಹುಡುಕಾಟದಲ್ಲಿ ಸಮುದ್ರವನ್ನು ಮೂರು ಪಾಲು ಮಾಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು. ನಿನ್ನ ಪಾಲು ಬಿಟ್ಟು ಪಕ್ಕದವನ ಪಾಲಿನ ಕಡೆ ಕಣ್ಣು ಹಾಯಿಸಕೂಡದು, ಅಲ್ಲಿ ತಿಮಿಂಗಿಲ ಕುಣಿದರೂ ಸರಿ. ದೋಣಿ ನಡೆಸುತ್ತಿದ್ದ ದೊಡ್ಡ ಸರ್ ದೀಪಸ್ತಂಭದ ಕಡೆ ತಿರುಗಿಯೂ ನೋಡದೆ ದೋಣಿಯನ್ನು ಎದುರು ದಿಕ್ಕಿಗೆ, ಬೋಳುಬಂಡೆಯ ಕಡೆಗೆ ಓಡಿಸಿದ. ಗಾಳಿ ಆ ಕಡೆ, ನೀರು ಈ ಕಡೆ. ಇಪ್ಪತ್ತು ನಿಮಿಷದಲ್ಲಿ ನನ್ನ ಪಾಲಿನ ನೀರಿನಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. ಕೂಗಿದೆ. ಆ ಮನುಷ್ಯ ಹಲ್ಲು ಕಟಕಟಿಸುತ್ತ, ಜೀವಂತವಾಗಿ, ನಮ್ಮ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ದಡಕ್ಕೆ ಬಂದಾಗ ಅವನ ಮುದಿ ತಾಯಿ ಎಲ್ಲರ ಕೆನ್ನೆ ಸವರಿದಳು, ನನ್ನದನ್ನೂ.

ಉದ್ದಪ್ಪ ಖುಷಿಗೆ ಅಳುತ್ತಿದ್ದ. ಡಾಕ್ಟ್ರಮ್ಮ ನನ್ನನ್ನು ತಬ್ಬಿಕೊಂಡಳು. ನಾನು ಮಾತ್ರ ದೀಪಸ್ತಂಭದ ಕಡೆ ನೋಡುತ್ತಿದ್ದೆ. ಅದೇ ಗಾಳಿ, ಅದೇ ನೀರು, ಅದೇ ದೀಪಸ್ತಂಭ. ಈ ತಾಯಿಗೆ ಮಗನನ್ನು ತಂದುಕೊಡಲು ಬರುತ್ತದೆ ಇವನಿಗೆ, ನನ್ನ ತಾಯಿಗೆ ಯಾಕೆ ಬರಲಿಲ್ಲ? ಆವತ್ತು ಅವನು ನನ್ನ ಬೆನ್ನು ತಟ್ಟಿ, ಒಳ್ಳೇ ಕಣ್ಣು ನಿಂದು ಎಂದ. ಬೆನ್ನಿನ ಆ ಜಾಗವನ್ನು ಸ್ನಾನದಲ್ಲಿ ಎರಡು ಸಲ ತಿಕ್ಕಿದೆ.

ಉತ್ತರ ಐದನೇ ವಾರ ಸಿಕ್ಕಿತು. ಹಳೆಯ ಲಾಗ್ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿದೆ, ತೆಗೆದು ಬಿಸಿಲಿಗೆ ಹಾಕಿ ಎಂದು ಅವನೇ ಹೇಳಿದ. ಠಾಣೆಯಲ್ಲಿ ಪ್ರತಿ ಕರೆ, ಪ್ರತಿ ತೀರ್ಮಾನವನ್ನೂ ಆಯಾ ನಿಮಿಷದಲ್ಲೇ ಬರೆದಿಡಬೇಕು, ಅಳಿಸಬಾರದು, ಅದು ನಿಯಮ. ನಾನು ಮೂರು ವರ್ಷದ ಹಿಂದಿನ ಪುಸ್ತಕ ಹುಡುಕಿ, ದೋಣಿಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಹನ್ನೆರಡು ಮೂವತ್ತು: ಖಾಲಿ ದೋಣಿ, ಒಳಗೆ ಜಾಕೆಟ್, ವ್ಯಕ್ತಿ ಜಾಕೆಟ್ ಧರಿಸಿಲ್ಲ. ಜಾಕೆಟ್ ಇಲ್ಲದವನು ದೋಣಿ ಬಿಟ್ಟು ತೇಲಿ ಹೋಗುವುದಿಲ್ಲ, ಅದರ ಹತ್ತಿರವೇ ಮುಳುಗಿರುತ್ತಾನೆ ಎಂದು ಅದರ ಮೇಲೆ ತೀರ್ಮಾನ. ಅದಕ್ಕೇ ಬೋಳುಬಂಡೆಯ ಕಡೆ ಹೋಗಿರಲಿಲ್ಲ. ಪ್ರತಿ ಜಾಕೆಟ್ಟಿನ ಕೊರಳಲ್ಲಿ ಅಳತೆ ಹೊಲಿದಿರುತ್ತದೆ. ಯಾರೂ ತಿರುಗಿಸಿ ನೋಡಿರಲಿಲ್ಲ.

ಅದರ ಕೆಳಗೆ ಇನ್ನೊಂದು ಸಾಲು. ಒಂದು ಗಂಟೆ ಹತ್ತು ನಿಮಿಷ. ಅವನದೇ ಕೈಬರಹ. ‘ತಾಯಿಯ ಫೋನ್. ಮಗ ಜಾಕೆಟ್ ಹಾಕಿದ್ದ, ನಾನೇ ನೋಡಿದೆ ಎನ್ನುತ್ತಾರೆ. ತಾಯಂದಿರು ಹಾಗೇ ಹೇಳುತ್ತಾರೆ.’

ನಾನು ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆವತ್ತು ಖಾಲಿ ದೋಣಿಯ ಸುದ್ದಿ ಕೇಳಿ ಅಮ್ಮ ಫೋನ್ ಹಿಡಿದು ನಿಂತಿದ್ದು ನನಗೆ ನೆನಪಿದೆ. ಮೂರು ಪಟ್ಟಿ ಸರ್, ಮೂರೂ ಕಟ್ಟಿದ್ದಾನೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಆ ಕಡೆ ಇವನು ಹೂಂ ಹೂಂ ಎನ್ನುತ್ತ ಇದನ್ನು ಬರೆಯುತ್ತಿದ್ದ. ಆ ಕ್ಷಣದಲ್ಲಿ ಅವನು ನನ್ನ ಎದುರು ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೋ, ಪಕ್ಕದಲ್ಲೇ ಎಂಜಿನ್ ಬಿಚ್ಚುವ ಕಬ್ಬಿಣದ ಪಾನಾ ಬಿದ್ದಿತ್ತು. ಬರಲಿಲ್ಲ. ನಾನು ಪುಟದ ಫೋಟೋ ತೆಗೆದುಕೊಂಡು ಪುಸ್ತಕವನ್ನು ಬಿಸಿಲಿಗಿಟ್ಟೆ.

ಫೋಟೋವನ್ನು ಸುಮ್ಮನೆ ಮೇಲಧಿಕಾರಿಗೆ ಕಳಿಸಬಹುದಿತ್ತು. ಕಳಿಸಿದ್ದರೆ ಮುಚ್ಚಿದ ಬಾಗಿಲೊಳಗೆ ವಿಚಾರಣೆ, ಇನ್ನೊಂದು ಕಾಗದ, ಇನ್ನೊಂದು ‘ಲೋಪವಿಲ್ಲ’. ನನಗೆ ಅದು ಸಾಲದು. ಆ ಠಾಣೆಯಲ್ಲಿ ಒಂದು ಪದ್ಧತಿಯಿತ್ತು. ಬೇಸಿಗೆಯ ಕೊನೆಯ ಭಾನುವಾರ ವಿದ್ಯಾರ್ಥಿಗಳ ಮನೆಯವರನ್ನೆಲ್ಲ ಕರೆಯುತ್ತಾರೆ, ಮೇಲಧಿಕಾರಿಯೂ ಬರುತ್ತಾರೆ. ಆವತ್ತು ಗುರುವಿಗೆ ಶಿಷ್ಯರೇ ಪರೀಕ್ಷೆ ಇಡುವುದು. ನಾವೊಂದು ಅಪಘಾತವನ್ನು ಕಟ್ಟಿ, ಬೊಂಬೆಯನ್ನೂ ಖಾಲಿ ದೋಣಿಯನ್ನೂ ಮೊದಲೇ ಗುಟ್ಟಾಗಿ ಸಮುದ್ರಕ್ಕೆ ಬಿಟ್ಟು, ವಿವರದ ಹಾಳೆಯನ್ನು ಮುಖ್ಯಸ್ಥನ ಕೈಗೆ ಕೊಡುತ್ತೇವೆ. ಅವನು ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿ, ಕಪ್ಪು ಹಲಗೆಯ ಮೇಲೆ ಹುಡುಕುವ ಚೌಕ ಬರೆಯಬೇಕು. ಖಾಯಂ ಸಿಬ್ಬಂದಿ ಹೋಗಿ ಅಲ್ಲಿ ಮಾತ್ರ ಹುಡುಕಬೇಕು. ಸಿಗದಿದ್ದರೆ ಮುಖ್ಯಸ್ಥ ವಿದ್ಯಾರ್ಥಿಗಳ ತಟ್ಟೆ ತೊಳೆಯಬೇಕು. ತಮಾಷೆಗೆ ಮಾಡುವಂಥದ್ದು.

ಹಾಳೆ ನಾನು ಬರೆಯುತ್ತೇನೆ ಎಂದೆ. ಉದ್ದಪ್ಪನೂ ಡಾಕ್ಟ್ರಮ್ಮನೂ ಬೇಡವೆನ್ನಲಿಲ್ಲ, ಬರೆಯುವ ಕೆಲಸ ತಪ್ಪಿತಲ್ಲ ಎಂದು ಅವರಿಗೆ ಹಾಯೆನಿಸಿತು. ಉಬ್ಬರ ಇಳಿತದ ಪಟ್ಟಿ ನೋಡಿದೆ. ಆ ಭಾನುವಾರ ಇಳಿತ ಹೆಚ್ಚುಕಡಿಮೆ ಅಣ್ಣನ ದಿನದ ಹೊತ್ತಿಗೇ ಬರುತ್ತಿತ್ತು. ಗಾಳಿ ಬೇಸಿಗೆಯ ಮಧ್ಯಾಹ್ನ ಹೇಗೂ ದೀಪಸ್ತಂಭದ ಕಡೆಗೇ. ಅಣ್ಣ ಹೇಳಿದ ಜಾಗ, ಅಣ್ಣ ಫೋನ್ ಮಾಡಿದ ಸಮಯ, ದೋಣಿಯೊಳಗಿನ ಚಿಕ್ಕ ಅಳತೆಯ ಜಾಕೆಟ್, ಅಮ್ಮನ ಫೋನು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ದೀಪಸ್ತಂಭದ ಕಡೆ ಚೌಕ ಹಾಕಿದರೆ ತಾನು ಕಲಿಸಿದ ಪಾಠದಲ್ಲೇ ತಾನು ಫೇಲು. ಬೋಳುಬಂಡೆಯ ಕಡೆ ಹಾಕಿದರೆ ಇನ್ನೂ ಚೆಂದ, ಆವತ್ತು ಹಾಕಬಹುದಿತ್ತು ಎಂದು ಅವನ ಕೈಯಾರೆ ಅವನೇ ತೋರಿಸಿದ ಹಾಗೆ. ಎರಡು ಕಡೆಯ ಬಾಗಿಲಿಗೂ ಚಿಲಕ ಹಾಕಿ ಕೂತೆ. ಆ ರಾತ್ರಿಯಷ್ಟು ಚೆನ್ನಾಗಿ ನಾನು ಮೂರು ವರ್ಷದಲ್ಲಿ ನಿದ್ದೆ ಮಾಡಿರಲಿಲ್ಲ.

ಬೊಂಬೆಯನ್ನು ಎಲ್ಲಿ ಬಿಡಬೇಕೆಂದು ಮೆಕ್ಯಾನಿಕ್ ಅಕ್ಕನಿಗೆ ಹೇಳಲೇಬೇಕಿತ್ತು. ಅವಳು ಹಾಳೆಯನ್ನು ಎಣ್ಣೆಗೈಯಿಂದ ಹಿಡಿದು ಓದಿದಳು. ಓದಿ ಮುಗಿಸಿ ನನ್ನ ಮುಖ ನೋಡಿದಳು.

“ಇದು ಯಾವತ್ತಿನದು ಅಂತ ನಂಗೊತ್ತು ಕಣೇ,” ಎಂದಳು. “ಆ ಜಾಕೆಟ್ ಎತ್ತಿಟ್ಟಿದ್ದು ನಾನೇ. ಅಳತೆ ನೋಡ್ಲಿಲ್ಲ. ನೀನು ಆ ಹುಡುಗನಿಗೆ ಏನಾಗ್ಬೇಕು?”

ತಂಗಿ ಎಂದೆ. ಅವಳು ಕೈಯೊರೆಸಿಕೊಂಡು, ಬೊಂಬೆಯನ್ನು ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಬಿಡುತ್ತೇನೆ ಎಂದಳು. ನಿನ್ನ ಮೇಲೆ ನನಗೆ ಸಿಟ್ಟಿಲ್ಲಕ್ಕ ಎಂದು ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಅವಳು ಇನ್ನೊಂದು ಮಾತು ಕೇಳಿದಳು, ನಿಮ್ಮಮ್ಮನಿಗೆ ಇದೆಲ್ಲ ಗೊತ್ತಾ ಎಂದು. ಭಾನುವಾರ ಗೊತ್ತಾಗುತ್ತದೆ ಎಂದೆ. ಅವಳು ನನ್ನ ಗಂಟು ಮುಖ ನೋಡಿ, ಹಾಳೆಯನ್ನು ಮಡಚಿ ನನ್ನ ಕೈಗಿಟ್ಟಳು.

ಅಮ್ಮನನ್ನು ಕರೆಸುವುದು ಸುಲಭವಾಗಿರಲಿಲ್ಲ. ಅಣ್ಣ ಹೋದ ಮೇಲೆ ಅವಳು ಸಮುದ್ರದ ಕಡೆ ತಲೆ ಹಾಕಿರಲಿಲ್ಲ. ಎಲ್ಲರ ಮನೆಯವರೂ ಬರುತ್ತಾರೆ, ನಾನೊಬ್ಬಳೇ ಅನಾಥೆಯ ಹಾಗೆ ನಿಲ್ಲಲಾ ಎಂದು ಫೋನಿನಲ್ಲಿ ಗೋಳಾಡಿದೆ. ಬಂದಳು. ಬಸ್ಸಿಳಿದವಳು ಸಮುದ್ರಕ್ಕೆ ಬೆನ್ನು ಮಾಡಿಯೇ ನಡೆದಳು, ಮೇಲಿನ ಕೋಣೆಯಲ್ಲಿ ಕಿಟಕಿಗೆ ದೂರವಾದ ಕುರ್ಚಿ ಹುಡುಕಿ ಕೂತಳು. ಉದ್ದಪ್ಪನ ಅಪ್ಪ ಅಮ್ಮ, ಡಾಕ್ಟ್ರಮ್ಮನ ಅಜ್ಜ, ಊರಿನ ಹತ್ತಿಪ್ಪತ್ತು ಜನ, ಮುಂದಿನ ಸಾಲಿನಲ್ಲಿ ಮೇಲಧಿಕಾರಿ, ಅವರ ಪಕ್ಕ ದೊಡ್ಡ ಸರ್‌ನ ಹೆಂಡತಿ. ಎಲ್ಲರೂ ನಗುತ್ತ ಮಾತಾಡುತ್ತಿದ್ದರು. ನಾನು ಹನ್ನೆರಡೂವರೆಗೆ ಸರಿಯಾಗಿ ಅವನ ಕೈಗೆ ಹಾಳೆ ಕೊಟ್ಟೆ.

ಅವನು ನಾಟಕದವರ ಹಾಗೆ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಹನ್ನೊಂದು ನಲವತ್ತಕ್ಕೆ ಕರೆ, ಎಂಜಿನ್ ನಿಂತಿದೆ, ದೋಣಿಗೆ ನೀರು. ಎರಡನೇ ಸಾಲಿಗೇ ಅವನ ದನಿ ಇಳಿಯಿತು. ದೀಪಸ್ತಂಭದ ಹತ್ತಿರ ಖಾಲಿ ದೋಣಿ, ಒಳಗೆ ಒಂದು ಜಾಕೆಟ್, ಅಳತೆ ಚಿಕ್ಕದು. ಅಲ್ಲಿ ನಿಲ್ಲಿಸಿದ. ಮತ್ತೆ ಓದಿದ. ತಾಯಿಯ ಫೋನ್, ಮಗ ಜಾಕೆಟ್ ಹಾಕಿದ್ದ, ನಾನೇ ನೋಡಿದೆ. ಅದರ ಮುಂದಿನ ವಾಕ್ಯವನ್ನು ನಾನು ಬರೆದಿರಲಿಲ್ಲ, ಜಾಗ ಬಿಟ್ಟಿದ್ದೆ. ಅವನ ತುಟಿ ಆ ಖಾಲಿ ಜಾಗದ ಮೇಲೂ ಅಲುಗಿದ್ದನ್ನು ನಾನು ನೋಡಿದೆ. ಅಮ್ಮನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ, ಅವನನ್ನೇ ನೋಡುತ್ತ ನಿಂತೆ.

ಅವನು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದೀಪಸ್ತಂಭವಿದ್ದ ತುದಿಗೆ ಹೋದ. ಒಂದು ಗೆರೆ ಎಳೆದ. ಕೈ ಅಲ್ಲೇ ನಿಂತಿತು. ಆಮೇಲೆ ಆ ಗೆರೆಯನ್ನು ಅಂಗೈಯಿಂದ ಒರೆಸಿ, ಹಲಗೆಯ ಈ ತುದಿಗೆ ಬಂದು, ಬೋಳುಬಂಡೆಯ ಕೆಳಗೆ ದೊಡ್ಡದೊಂದು ಚೌಕ ಬರೆದ. ಖಾಯಂ ಸಿಬ್ಬಂದಿಯ ದೋಣಿ ಹೊರಟಿತು. ಮೂವತ್ತೆಂಟು ನಿಮಿಷ ಕೋಣೆಯಲ್ಲಿ ಎಲ್ಲರೂ ಚಹಾ ಕುಡಿದರು, ಅವನೊಬ್ಬ ಹಲಗೆಗೆ ಬೆನ್ನು ಕೊಟ್ಟು ನಿಂತೇ ಇದ್ದ. ವೈರ್‌ಲೆಸ್ಸಿನಲ್ಲಿ ಸದ್ದಾಯಿತು. ಬೊಂಬೆ ಸಿಕ್ಕಿದೆ, ಜಾಕೆಟ್ ಸಮೇತ ತೇಲುತ್ತಿದೆ, ಚೌಕದ ನಡುಮಧ್ಯ. ಜನ ಚಪ್ಪಾಳೆ ಹೊಡೆದರು. ಮೇಲಧಿಕಾರಿ ಎದ್ದು, ಭಲೇ, ಇಷ್ಟು ಕಷ್ಟದ ಪ್ರಶ್ನೆ ಬರೆದವರು ಯಾರು ಎಂದು ಕೇಳಿದರು.

ನಾನು ಮುಂದೆ ಹೋದೆ. ಮೂರು ವರ್ಷದಿಂದ ಬಾಯಿಪಾಠ ಮಾಡಿದ ಮಾತುಗಳು ಒಂದೂ ನೆನಪಾಗಲಿಲ್ಲ, ಆದರೆ ದನಿ ಮಾತ್ರ ನಡುಗಲಿಲ್ಲ. “ಇದು ನಾನು ಬರೆದಿದ್ದಲ್ಲ ಸರ್, ನಡೆದಿದ್ದು. ಆ ದೋಣೀಲಿದ್ದಿದ್ದು ನನ್ನ ಅಣ್ಣ. ಚಿಕ್ಕ ಜಾಕೆಟ್ ನಂದು. ಈಗ ಗಂಟೆ ಒಂದು ಎಂಟು. ಆವತ್ತು ನಮ್ಮಮ್ಮ ಫೋನ್ ಮಾಡಿದ್ದು ಒಂದು ಹತ್ತಕ್ಕೆ. ಇವತ್ತು ಹುಡುಕಿದ ಹಾಗೆ ಆವತ್ತು ಹುಡುಕಿದ್ರೆ, ಅಮ್ಮ ಫೋನ್ ಎತ್ತೋಕೆ ಮುಂಚೆ ಅವನು ಸಿಕ್ತಿದ್ದ. ಅಮ್ಮ ಹೇಳಿದ್ದಕ್ಕೆ ಇವರು ಏನು ಬರೆದಿದ್ದಾರೆ, ಇವರ ಬಾಯಿಂದಾನೇ ಕೇಳಿ.”

ಮೇಲಧಿಕಾರಿ, ಇದನ್ನೆಲ್ಲ ಒಳಗೆ ಕೂತು ಮಾತಾಡೋಣ ಎಂದು ನನ್ನ ತೋಳು ಹಿಡಿಯಲು ಬಂದರು. ಅವನು ಬೇಡವೆಂದು ಕೈ ಮಾಡಿದ. ಸುಳ್ಳು ಹೇಳುತ್ತಾನೆ, ತಪ್ಪಿಸಿಕೊಳ್ಳುತ್ತಾನೆ, ಆಗ ಫೋಟೋ ತೆಗೆದು ಮುಖಕ್ಕೆ ಹಿಡಿಯುತ್ತೇನೆ ಎಂದು ನಾನು ಜೇಬಿಗೆ ಕೈ ಹಾಕಿಕೊಂಡಿದ್ದೆ.

“ತಾಯಂದಿರು ಹಾಗೇ ಹೇಳ್ತಾರೆ ಅಂತ ಬರೆದೆ,” ಎಂದ ಅವನು. “ಜಾಕೆಟ್ ಕಂಡ ತಕ್ಷಣ ತೀರ್ಮಾನ ಮಾಡ್ಬಿಟ್ಟಿದ್ದೆ. ಆಮೇಲೆ ಯಾರ ಮಾತೂ ಕಿವಿಗೆ ಹೋಗ್ಲಿಲ್ಲ. ತಪ್ಪು ನಂದು. ಹುಡುಗಂದಲ್ಲ.”

ಅವನ ಹೆಂಡತಿ ತಲೆ ತಗ್ಗಿಸಿದಳು. ಮೇಲಧಿಕಾರಿಯ ಮುಖ ಕಪ್ಪಿಟ್ಟಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಯಸಿದ್ದೆಲ್ಲ ಒಂದೂ ಬಿಡದೆ ನನ್ನ ಕಣ್ಣೆದುರಿಗೆ ನಡೆಯುತ್ತಿತ್ತು. ಎದೆ ತಣ್ಣಗಾಯಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ, ಆಗಿತ್ತು. ಆ ಖುಷಿಯಲ್ಲೇ ನಾನು ಅಮ್ಮನ ಕಡೆ ತಿರುಗಿದೆ.

ಅಮ್ಮ ಎದ್ದು ನಿಂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ, ಗೋಡೆಯ ಹಲಗೆಯನ್ನು ನೋಡುತ್ತಿದ್ದಳು. “ಹಾಗಾದ್ರೆ ನಾನು ಫೋನ್ ಮಾಡ್ದಾಗ ಅವನು ಬದುಕಿದ್ನಾ?” ಎಂದು ಕೇಳಿದಳು.

ಆ ಪ್ರಶ್ನೆಯನ್ನು ಯಾರಾದರೂ ಕೇಳಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ಲೆಕ್ಕ ಹಾಕಿದ್ದೆ, ಗಾಳಿ, ನೀರು, ಇಳಿತ, ನಿಮಿಷ, ಇದನ್ನೊಂದು ಹಾಕಿರಲಿಲ್ಲ. ದೊಡ್ಡ ಸರ್, ಹೌದಮ್ಮ, ಬದುಕಿದ್ದಿರಬೇಕು ಎಂದ. ಎಷ್ಟು ಹೊತ್ತು ಎಂದು ಅಮ್ಮ ಕೇಳಿದಳು. ಜಾಕೆಟ್ ಹಾಕಿದವನು ಆ ನೀರಿನಲ್ಲಿ ಐದಾರು ಗಂಟೆ ಇರಬಲ್ಲ, ಸಂಜೆಯವರೆಗೂ ಇದ್ದಿರಬಹುದು ಎಂದ. ಅವನು ಸುಳ್ಳು ಹೇಳಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ.

ಅಮ್ಮ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅವನ ಎದುರಿಗೆ ಹೋಗಿ ನಿಂತಳು. ಅವಳು ಅವನಿಗೆ ಹೊಡೆಯುತ್ತಾಳೆ ಎಂದುಕೊಂಡೆ. “ಆವತ್ತು ನೀವು ಹೋಗದೇ ಇದ್ದ ಜಾಗಕ್ಕೆ ಇವತ್ತು ನನ್ನ ಕರ್ಕೊಂಡು ಹೋಗಿ,” ಎಂದಳು. ನಾನೂ ಬರುತ್ತೇನೆ ಎಂದು ಹತ್ತಿರ ಹೋದೆ. ಅವಳು ತಿರುಗದೆ, ಇವಳು ಬೇಡ ಎಂದಳು.

ದೋಣಿಮನೆಯಲ್ಲಿ ಮೆಕ್ಯಾನಿಕ್ ಅಕ್ಕ ಅಮ್ಮನಿಗೆ ಜಾಕೆಟ್ ತೊಡಿಸಿದಳು, ಕೊರಳ ಹತ್ತಿರದ ಅಳತೆ ನೋಡಿಯೇ ತೊಡಿಸಿದಳು. ಅವನು ದೋಣಿ ನಡೆಸಿದ, ಅಕ್ಕ ಪಕ್ಕದಲ್ಲಿ ಕೂತಳು. ಮೂರು ವರ್ಷ ಸಮುದ್ರಕ್ಕೆ ಮುಖ ಕೊಡದ ನನ್ನ ತಾಯಿ ದೋಣಿಯ ಮೂತಿಯಲ್ಲಿ ಕೂತು ಹೋದಳು. ನಾನು ಮೇಲೆ ವೈರ್‌ಲೆಸ್ಸಿನ ಮುಂದೆ ಕೂತೆ, ಆ ಹೊತ್ತಿನ ಪಾಳಿ ನನ್ನದೇ ಆಗಿತ್ತು. ಬೋಳುಬಂಡೆಯ ಕೆಳಗೆ ತಲುಪಿದೆವು, ಎಂಜಿನ್ ನಿಲ್ಲಿಸುತ್ತಿದ್ದೇನೆ ಎಂದು ಅವನ ದನಿ ಬಂತು. ಸಮಯ ಬರೆದೆ. ಆಮೇಲೆ ನಲವತ್ತು ನಿಮಿಷ ಏನೂ ಬರಲಿಲ್ಲ. ಹಿಂದೆ ಜನ ಮೆಲ್ಲಗೆ ಎದ್ದು ಹೋದರು, ಡಾಕ್ಟ್ರಮ್ಮ ನನ್ನ ಭುಜದ ಮೇಲೆ ಕೈಯಿಟ್ಟು ಆಮೇಲೆ ತೆಗೆದಳು. ಅಣ್ಣ ಆ ನೀರಿನಲ್ಲಿ ಸಂಜೆಯವರೆಗೆ ಯಾವ ಕಡೆ ನೋಡುತ್ತಿದ್ದನೋ, ಯಾರನ್ನು ಕೂಗಿದನೋ ಎಂದು ನಾನೂ ಮೊದಲ ಸಲ ಯೋಚಿಸಿದೆ. ಮೂರು ವರ್ಷ ನಾನು ಯೋಚಿಸಿದ್ದೆಲ್ಲ ಅವನನ್ನು ಕೊಂದವರ ಬಗ್ಗೆ.

ದೋಣಿ ವಾಪಸು ಬಂದಾಗ ನಾನು ಕಟ್ಟೆಯ ಮೆಟ್ಟಿಲಿಗೆ ಓಡಿದೆ. ಅಮ್ಮ ಅಕ್ಕನ ಕೈ ಹಿಡಿದು ಇಳಿದಳು, ಸೀರೆಯೆಲ್ಲ ಒದ್ದೆ. ಅವನು ಹಿಂದೆ ಹಗ್ಗ ಹಿಡಿದು ಮೆಟ್ಟಿಲ ಮೇಲೆ ನಿಂತ. ಅವನು ಕೆಲಸ ಬಿಡುವುದಂತೂ ಖಂಡಿತ, ಮೇಲಧಿಕಾರಿ ಆಗಲೇ ಫೋನಿನಲ್ಲಿದ್ದರು. ಅಣ್ಣನ ಕಾಗದವನ್ನು ತಿದ್ದಿಕೊಡುವುದೂ ಖಂಡಿತ. ಅಮ್ಮ, ಇನ್ನು ಯಾರೂ ಅಣ್ಣನನ್ನು ಬೇಜವಾಬ್ದಾರಿ ಅನ್ನುವ ಹಾಗಿಲ್ಲ ಎಂದು ನಾನು ಹೇಳಿದೆ.

“ಅನ್ನೋರು ಏನಾದ್ರೂ ಅಂದ್ಕೊಳ್ಲಿ ಅಂತ ನಾನಿದ್ದೆ ಕಣೇ,” ಎಂದಳು ಅಮ್ಮ. “ಕೂಡಲೇ ಹೋದ ಅಂತ ಆ ಕಾಗದದಲ್ಲಿತ್ತಲ್ಲ. ಒದ್ದಾಡ್ಲಿಲ್ಲ, ನನ್ನ ಕಾಯ್ಲಿಲ್ಲ ಅಂದ್ಕೊಂಡು ಮೂರು ವರ್ಷ ಅನ್ನ ನುಂಗಿದೀನಿ. ಇದನ್ನೆಲ್ಲ ಮಾಡೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ಅಮ್ಮ ಅಕ್ಕನ ಜೊತೆ ಮೇಲೆ ಹತ್ತಿ ಹೋದಳು. ದೊಡ್ಡ ಸರ್ ಕೈಲಿದ್ದ ಹಗ್ಗವನ್ನು ಗೂಟಕ್ಕೆ ಕಟ್ಟಿದ. ಮೆಟ್ಟಿಲ ಮೇಲೆ ಅವನೂ ತಲೆ ತಗ್ಗಿಸಿ ನಿಂತಿದ್ದ, ನಾನೂ ನಿಂತಿದ್ದೆ.